ಮದುವೆ ಫೋಟೋದ ರಾಚ

ಕೊಳ್ಳೇಗಾಲದ ಕಡೆ ಒಂದು ಊರು. ಆ ಊರಲ್ಲಿ ಪುಟ್ಟಮಾದಮ್ಮ ಅಂತ ಒಬ್ಬಳು ತಾಯಿ. ಅವಳಿಗೆ ಒಬ್ಬನೇ ಮಗ, ರಾಚಪ್ಪಾಜಿ. ಅಷ್ಟು ದೊಡ್ಡ ದೇವರ ಹೆಸರನ್ನ ಇವನಿಗೆ ಪೂರ್ತಿ ಕರೆದರೆ ದೇವರಿಗೇ ಬೇಜಾರಾದೀತು ಅಂತ ಊರವರೆಲ್ಲ ರಾಚ ಅಂತಿದ್ದರು. ಆಳು ನೋಡಿದರೆ ಬಾಗಿಲು ತುಂಬ. ಬುದ್ಧಿ ನೋಡಿದರೆ... ಏನಂತ ಹೇಳಲಿ, ನೀವೇ ಕೇಳಿ.

"ರಾಚ, ಹಾಲು ಉಕ್ಕೋದನ್ನ ನೋಡ್ಕಳಪ್ಪ," ಅಂತ ಹೇಳಿ ಅವ್ವ ನೀರಿಗೆ ಹೋದಳು. ಬಂದು ನೋಡಿದರೆ ಹಾಲೆಲ್ಲ ಒಲೆ ಪಾಲು.

"ಅಯ್ಯೋ, ನೋಡ್ಕ ಅಂದಿದ್ನಲ್ಲೋ!"

"ನೋಡ್ದೆ ಕಣವ್ವ. ಎಷ್ಟು ಚೆಂದ ಉಕ್ತು!"

ಇನ್ನೊಂದು ದಿನ, "ಎಮ್ಮೆ ಮೇಲೆ ಒಂದು ಕಣ್ಣಿಟ್ಟಿರು" ಅಂದಳು. ಸಾಯಂಕಾಲ ನೋಡಿದರೆ ಇವನು ಎಮ್ಮೆ ಬೆನ್ನಿಗೆ ಮುಖ ಆನಿಸಿ ನಿಂತವ್ನೆ. ಎಮ್ಮೆ ಹೋದ ಕಡೆಗೆಲ್ಲ ಇವನೂ ಹೋಗವ್ನೆ. ಕೆರೆಗೂ ಇಳಿದವ್ನೆ.

"ಏನ್ಲಾ ಇದು?"

"ಒಂದು ಕಣ್ಣು ಇಟ್ಟಿದ್ದೀನಿ ಕಣವ್ವ. ಇನ್ನೊಂದು ಕಣ್ಣಲ್ಲಿ ದಾರಿ ನೋಡ್ತಾ ಇದ್ದೆ!"

ಪುಟ್ಟಮಾದಮ್ಮ ಹಣೆ ಹಣೆ ಬಡಕೊಂಡಳು. "ನಾನು ಹೋದ ಮೇಲೆ ಇವನ್ನ ಯಾರು ನೋಡ್ಕತಾರಪ್ಪ? ಒಂದು ಕಸುಬು ಕಲೀಬೇಕಲ್ಲ!" ಅಂದುಕೊಂಡು, ಮಗನ ಕೈ ಹಿಡ್ಕೊಂಡು ಪೇಟೆಗೆ ಹೋದಳು. ಪೇಟೆಯಲ್ಲಿ ಅವಳ ತಮ್ಮ ಗುರುಮಲ್ಲು ಇದ್ದ. ಅವನದು ನಗುಮೊಗ ಸ್ಟುಡಿಯೋ. ಆಗಿನ್ನೂ ಕ್ಯಾಮೆರಾಕ್ಕೆ ರೋಲು ಹಾಕೋ ಕಾಲ. ಏನು ತೆಗೆದೆವು ಅನ್ನೋದು ತೊಳೆದು ಬಂದ ಮೇಲೇ ಗೊತ್ತಾಗೋದು. ಸುತ್ತಲ ಸೀಮೆಯಲ್ಲಿ ಯಾರ ಮದುವೆ ಆದರೂ ಗುರುಮಲ್ಲುವೇ ಬರಬೇಕು. ಅವನು ತೆಗೆದ ಆಲ್ಬಂ ನೋಡಿದರೆ ಮದುವೆ ಮನೆಯ ಹೂವಿನ ವಾಸನೆ ಬರ್ತದೆ ಅಂತ ಜನ ಹೇಳೋರು.

"ತಮ್ಮ, ಇವನಿಗೆ ನಿನ್ನ ವಿದ್ಯೆ ಹೇಳ್ಕೊಡಪ್ಪ," ಅಂದಳು ಪುಟ್ಟಮಾದಮ್ಮ.

"ಅಕ್ಕ, ಇವನು ಹೇಳಿದ ಮಾತು ಕೇಳ್ತಾನಾ?"

"ಕೇಳ್ತಾನೆ ಕಣೋ. ಅದೇ ಕಷ್ಟ!"

ಗುರುಮಲ್ಲು ನಕ್ಕು ಒಪ್ಪಿಕೊಂಡ. ಇಲ್ಲಿ ನೋಡು, ಇದನ್ನ ತಿರುಗಿಸು, ಇದನ್ನ ಒತ್ತು ಅಂತ ಕಲಿಸಿದ. ರಾಚ ಹಾಗೇ ನೋಡಿದ, ಹಾಗೇ ತಿರುಗಿಸಿದ, ಹಾಗೇ ಒತ್ತಿದ. ಕೈ ಅಲುಗಬಾರದು ಅಂದರೆ ಕಲ್ಲಿನ ಹಾಗೆ ನಿಂತ. ಉಸಿರು ಬಿಗಿ ಹಿಡಿ ಅಂದರೆ ಹಿಡಿದ. ಬಿಡು ಅಂತ ಹೇಳೋದನ್ನ ಮಾವ ಮರೆತ. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿದ ಮೇಲೆ ನೋಡಿ, "ಬಿಡೋ, ಬಿಡೋ ಉಸಿರ!" ಅಂತ ಕಿರುಚಿದ. ಆದರೆ ಫೋಟೋ ಮಾತ್ರ ಸೂಜಿಮೊನೆ ಹಾಗೆ ಬಂದಿತ್ತು!

ಒಂದು ದಿನ ಒಬ್ಬ ಮೇಷ್ಟ್ರು ಬಂದು ಸ್ಟೂಲಿನ ಮೇಲೆ ಕೂತರು. ಗುರುಮಲ್ಲು ಲೈಟು ಹಿಡಿದುಕೊಂಡು, "ರಾಚ, ಬೇಗ ಮೇಷ್ಟ್ರ ಫೋಟೋ ಹೊಡಿ!" ಅಂದ.

ಗೋಡೆ ಮೇಲೆ ಅದೇ ಮೇಷ್ಟ್ರ ಹಳೇ ಫೋಟೋ ಒಂದು ಕಟ್ಟು ಹಾಕಿಸಿ ತೂಗುಹಾಕಿತ್ತು. ರಾಚ ಹೋದ, ಕೈ ಎತ್ತಿದ, ಫಟಾರ್ ಅಂತ ಒಂದು ಹೊಡೆದ. ಗಾಜು ಚೂರುಚೂರು. ಮೇಷ್ಟ್ರು ಕೂತಲ್ಲೇ ಕೆನ್ನೆ ಮುಟ್ಟಿ ನೋಡಿಕೊಂಡರು.

"ಅಯ್ಯೋ ಮಂಕೇ! ಏನ್ಲಾ ಮಾಡ್ದೆ?"

"ನೀನು ಹೇಳ್ದಂಗೇ ಮಾಡ್ದೆ ಮಾವ! ಇನ್ನೊಂದು ಹೊಡೀಲಾ?"

ಗುರುಮಲ್ಲು ತಲೆ ಮೇಲೆ ಕೈ ಹೊತ್ತು ಕೂತ. ಆಮೇಲೆ ಸಮಾಧಾನ ಮಾಡಿಕೊಂಡು, "ಗೋಡೆ ಪಕ್ಕ ನಿನ್ನ ಇಟ್ಕಳೋದೇ ಬೇಡ. ನಾಳೆ ಮದುವೆಗೆ ಬಾ. ನನ್ನ ಹಳೇ ಕ್ಯಾಮೆರಾ ನಿನಗೆ. ಒಂದು ಮಾತು ಕೇಳ್ಕೊ. ದೊಡ್ಡದನ್ನ ಎಲ್ಲರೂ ನೋಡಿರ್ತಾರೆ, ಎಲ್ಲರೂ ನೆನಪಲ್ಲಿ ಇಟ್ಕಂಡಿರ್ತಾರೆ. ಮರೆತು ಹೋಗೋದು ಸಣ್ಣದು. ಸಣ್ಣದನ್ನ ಉಳಿಸ್ದೋನೇ ಮದುವೆ ಫೋಟೋದೋನು. ತಿಳೀತಾ? ಸಣ್ಣಸಣ್ಣದನ್ನ ಬಿಡ್ದಂಗೆ ತೆಗಿ" ಅಂದ.

"ತಿಳೀತು ಮಾವ!"

ಮದುವೆ ಆಯಿತು, ರೋಲು ತೊಳೆದು ಬಂತು. ಗುರುಮಲ್ಲು ಒಂದೊಂದೇ ಫೋಟೋ ನೋಡ್ತಾನೆ. ಒಂದು ಇರುವೆ. ಒಂದು ಸಾಸಿವೆ ಕಾಳು. ಎಲೆ ಕೊನೆಯಲ್ಲಿ ಬಡಿಸಿದ ಉಪ್ಪು. ತೊಟ್ಟಿಲು ಮಗುವಿನ ಒಂದೇ ಹಲ್ಲು. ಚಪ್ಪರದ ಮೂಲೆಯಲ್ಲಿ ಒಂದು ಮೊಳೆ.

"ಹುಡುಗಿ ಎಲ್ಲೋ?"

"ದೊಡ್ಡೋಳು ಮಾವ! ಬಿಟ್ಬುಟ್ಟೆ."

"ಹುಡುಗ?"

"ಅವನು ಅವಳಿಗಿಂತ್ಲೂ ದೊಡ್ಡೋನು. ಹುಡುಗನ ತಾತ ಕುಳ್ಳಗಿದ್ರು, ಅವರದ್ದು ಒಂದು ತೆಗ್ದಿದ್ದೀನಿ ನೋಡು!"

ಪುಣ್ಯಕ್ಕೆ ಆ ಮದುವೆಗೆ ಗುರುಮಲ್ಲು ತಾನೂ ಹೋಗಿದ್ದ, ತನ್ನ ಫೋಟೋ ಕೊಟ್ಟು ಮಾನ ಉಳಿಸಿಕೊಂಡ. ಅಕ್ಕನಿಗೆ ಹೇಳಿ ಕಳಿಸಿದ. ಪುಟ್ಟಮಾದಮ್ಮ ಓಡಿ ಬಂದಳು. ತಮ್ಮ ಬೈದ, ಅಕ್ಕನೂ ಬೈದಳು. ರಾಚ ಇಬ್ಬರ ಬೈಗುಳವನ್ನೂ ಕಿವಿ ತುಂಬ ಕೇಳಿಸಿಕೊಂಡ.

"ಸಣ್ಣದು ಅಂದ್ರೆ ಇರುವೆ ಅಲ್ಲ ಕಣ್ಲಾ!" ಅಂದ ಗುರುಮಲ್ಲು. "ಮನುಷ್ಯರ ಮನಸ್ಸು ಕಾಣೋ ಸಣ್ಣದು. ಹೆಣ್ಣೊಪ್ಪಿಸೋವಾಗ ತಾಯಿ ಕಣ್ಣಿಂದ ಒಂದು ಹನಿ ಬರ್ತದೆ. ಕೆನ್ನೆ ಮೇಲೆ ಒಂದು ಗಳಿಗೆ ನಿಂತು, ಆಮೇಲೆ ಜಾರ್ತದೆ. ಆ ಕಣ್ಣೀರನ್ನ ಹಿಡೀಬೇಕು!"

"ಹಿಡೀತೀನಿ ಮಾವ!"

ಮುಂದಿನ ಮದುವೆ. ಹೆಣ್ಣೊಪ್ಪಿಸೋ ಹೊತ್ತು. ತಾಯಿ ಮಗಳ ಕೈ ಹಿಡಿದು ಒಂದು ಬಿಕ್ಕಳಿಕೆ ಬಿಟ್ಟಳೋ ಇಲ್ಲವೋ, ರಾಚ ಅಡುಗೆಮನೆಗೆ ಓಡಿದ. ಹಿತ್ತಾಳೆ ಚೆಂಬು ತಂದು ಅವಳ ಗದ್ದದ ಕೆಳಗೆ ಹಿಡಿದ. ಅತ್ತ ಮಗಳು ಅತ್ತಳು, ಅಲ್ಲಿಗೆ ಓಡಿದ. ಇತ್ತ ಅಣ್ಣ ಮೂಗು ಒರೆಸಿಕೊಂಡ, ಇಲ್ಲಿಗೆ ಓಡಿದ. ಸೋದರತ್ತೆ ಸೆರಗಲ್ಲಿ ಕಣ್ಣೊರೆಸಿಕೊಳ್ಳೋಕೆ ಹೋದರೆ, "ಒರೆಸ್ಬೇಡವ್ವ! ಹಾಳಾಗ್ತದೆ!" ಅಂತ ಸೆರಗು ಹಿಡಿದುಕೊಂಡ.

ಅಳೋರೆಲ್ಲ ಅಳು ನಿಲ್ಲಿಸಿ ಇವನನ್ನೇ ನೋಡಿದರು. ರಾಚ ಚೆಂಬಿನೊಳಗೆ ಇಣುಕಿ, ತಾಯಿಯ ಮುಂದೆ ಹೋಗಿ ನಿಂತು, "ಇನ್ನೊಂಚೂರು ಅಳವ್ವ, ತಳಾನೇ ಮುಚ್ಚಿಲ್ಲ!" ಅಂದ.

ತಾಯಿ ಕಿಸಕ್ಕನೆ ನಕ್ಕುಬಿಟ್ಟಳು. ಮಗಳೂ ನಕ್ಕಳು. ಗಂಡಿನ ಕಡೆಯ ಒಬ್ಬ ಮುದುಕಿ ಮಾತ್ರ, "ಹೆಣ್ಣೊಪ್ಪಿಸೋವಾಗ ನಗೋರ ಮನೆ ಹೆಣ್ಣು ತಂದ್ವಲ್ಲಪ್ಪ!" ಅಂತ ಮೂತಿ ತಿರುವಿದಳು.

ಗುರುಮಲ್ಲು ರಾಚನ ಕಿವಿ ಹಿಂಡಿಕೊಂಡೇ ಸ್ಟುಡಿಯೋಕ್ಕೆ ಕರ್ಕೊಂಡು ಬಂದ. "ಮಂಕೇ! ಅಳೋರ ಮುಖದ ಮುಂದೆ ಚೆಂಬು ಹಿಡಿತೀಯಾ? ಇನ್ಮೇಲೆ ನೀನು ಮುಖದ ತಂಟೆಗೇ ಹೋಗ್ಬೇಡ! ಕೈ ನೋಡು, ಕಾಲು ನೋಡು. ಬಳೆ, ಉಂಗುರ, ಮದರಂಗಿ, ಕಾಲುಂಗುರ. ಅದೂ ಸಣ್ಣದೇ. ಅಲ್ಲಿ ಚೆಂಬಿಗೆ ಕೆಲಸ ಇಲ್ಲ."

"ಕೈ ನೋಡ್ತೀನಿ, ಕಾಲು ನೋಡ್ತೀನಿ. ಮುಖದ ತಂಟೆಗೇ ಹೋಗಲ್ಲ ಮಾವ!"

ಹೊಳೆಯಾಚೆ ಚಿಕ್ಕಬಸಪ್ಪ ಅನ್ನೋರ ಮಗಳು ಸರ್ವಮಂಗಳೆಯ ಮದುವೆ. ಅವತ್ತೇ, ಅದೇ ಮುಹೂರ್ತಕ್ಕೆ ಪೇಟೆಯಲ್ಲೂ ಒಂದು ಮದುವೆ. ಗುರುಮಲ್ಲು ಒಬ್ಬ, ಮದುವೆ ಎರಡು. ವಿಧಿಯಿಲ್ಲದೆ ಹೊಳೆಯಾಚೆಗೆ ರಾಚನೊಬ್ಬನನ್ನೇ ಕಳಿಸಿದ.

ರೋಲು ತೊಳೆದು ಬಂತು. ಗುರುಮಲ್ಲು ನೋಡ್ತಾನೆ: ಕೈ. ತಿರುವಿದ: ಕಾಲು. ಕೈ, ಕೈ, ಕಾಲು, ಕೈ. ಅರಿಶಿನ ಮೆತ್ತಿದ ಕೈ. ಹೋಳಿಗೆ ಮುರೀತಿರೋ ಕೈ. ಜೋಲು ಬಿದ್ದ ಬಳೆಯ ಮುದಿ ಕೈ. ಮೆಟ್ಟಿಲು ಹತ್ತೋ ಕಾಲು. ಇಡೀ ಮದುವೆಯಲ್ಲಿ ಒಂದು ಮೂಗಿಲ್ಲ, ಒಂದು ಕಣ್ಣಿಲ್ಲ!

"ರಾಚಾ! ತಲೆಗಳೆಲ್ಲ ಎಲ್ಲೋ?"

"ಮುಖದ ತಂಟೆಗೇ ಹೋಗ್ಬೇಡ ಅಂದ್ಯಲ್ಲ ಮಾವ! ಒಂದ್ಸಲ ಹುಡುಗಿ ಬಗ್ಗಿದಾಗ ಮುಖ ಅಡ್ಡ ಬಂತು. ಅದು ಹೋಗೋವರ್ಗೂ ಕಾದೆ!"

ಇವರು ಹೀಗೆ ಕೂಗಾಡ್ತಿರೋವಾಗಲೇ ಚಿಕ್ಕಬಸಪ್ಪ ಬಂದರು. ಮಗಳ ಮದುವೆ ಮಾಡಿದ ಮುಖ ಅಲ್ಲ ಅದು. ಕೂರಿ ಅಂದರೂ ಕೂರಲಿಲ್ಲ.

"ಗುರುಮಲ್ಲಪ್ಪ, ಫೋಟೋ ಬಂದಿದ್ರೆ ಕೊಟ್ಬುಡಪ್ಪ. ನನ್ನ ಮಗಳ ಬಾಳು ಅದ್ರಲ್ಲೇ ಅದೆ."

"ಯಾಕೆ ಯಜಮಾನ್ರೇ, ಏನಾಯ್ತು?"

"ಹುಡುಗನ ದೊಡ್ಡಪ್ಪ ಪರ್ವತಪ್ಪ ಅಂತ ಒಬ್ರವ್ರೆ. ಅವರ ಮನೇಲಿ ಅವರು ಹೇಳಿದ್ದೇ ಮಾತು. ದಿಬ್ಬಣ ಬಂದಾಗ ಎಲ್ಲರ ಕಾಲಿಗೂ ನೀರು ಕೊಟ್ರಿ, ನನ್ನ ಕಾಲು ಮಾತ್ರ ತೊಳೀಲಿಲ್ಲ, ಬಾಗಿಲಲ್ಲೇ ಅವಮಾನ ಮಾಡಿದ್ರಿ ಅಂತವ್ರೆ. ನಾನೇ ಕೈಯಾರೆ ತೊಳ್ದಿದ್ದೀನಿ ಕಣಪ್ಪ! ಹೇಳಿದ್ರೆ ಕೇಳ್ತಿಲ್ಲ. ಮಗಳು ತವರಿಗೆ ಬಂದವಳು ಅಲ್ಲೇ ಕೂತವ್ಳೆ, ಕರ್ಕೊಂಡು ಹೋಗೋಕೆ ಯಾರೂ ಬಂದಿಲ್ಲ. ಬಾಗಿಲ ಫೋಟೋ ಒಂದಿದ್ರೆ..."

ಗುರುಮಲ್ಲು ಫೋಟೋದ ಕಟ್ಟನ್ನ ಅವರ ಕೈಗೆ ಕೊಟ್ಟ. ಚಿಕ್ಕಬಸಪ್ಪ ನೋಡಿದರು. ಒಂದೊಂದನ್ನೇ ನೋಡಿ ಕೆಳಗೆ ಹಾಕ್ತಾ ಹೋದರು.

"ಇದ್ರಲ್ಲಿ ಯಾರು ಯಾರೂಂತ ಹೆಂಗಪ್ಪ ಹೇಳ್ಲಿ?" ಅಂತ ಅಲ್ಲೇ ಕುಸಿದು ಕೂತರು.

ಪುಟ್ಟಮಾದಮ್ಮನೂ ಅವತ್ತು ಅಲ್ಲೇ ಇದ್ದಳು, ಮಗನಿಗೆ ಬುತ್ತಿ ತಂದಿದ್ದಳು. ಆ ತಂದೆಯ ಮುಖ ನೋಡಿ ಅಯ್ಯೋ ಅಂದುಕೊಂಡಳು. ನನ್ನ ಮಗನಿಂದ ಒಂದು ಹೆಣ್ಣಿನ ಬಾಳು ಹಾಳಾಯ್ತಲ್ಲ! ಕೆಳಗೆ ಬಿದ್ದ ಫೋಟೋಗಳನ್ನ ಆಯ್ತಾ ಆಯ್ತಾ ಒಂದನ್ನ ನೋಡಿ ಕಣ್ಣು ಕಿರಿದು ಮಾಡಿದಳು. ತಾಮ್ರದ ತಟ್ಟೆ. ತಟ್ಟೆಯಲ್ಲಿ ನೀರು. ನೀರಲ್ಲಿ ಒಂದು ಪಾದ. ಪಾದದ ಮೇಲೆ ನೀರು ಹುಯ್ಯೋ ಎರಡು ಕೈ.

"ರಾಚ, ಇದೇನ್ಲಾ ಈ ಕಾಲಿಗೆ ಆರು ಬೆರಳು?"

"ಊಂ ಕಣವ್ವ! ಕಾಲು ನೋಡು ಅಂದಿದ್ನಲ್ಲ ಮಾವ, ಒಂದು ಬೆರಳು ಜಾಸ್ತಿ ಇತ್ತು, ಅದ್ಕೇ ಜಾಸ್ತಿ ಹೊತ್ತು ನೋಡ್ದೆ."

ಚಿಕ್ಕಬಸಪ್ಪ ಚಂಗನೆ ಎದ್ದರು. "ಆರು ಬೆರಳಾ? ಕೊಡವ್ವ ಇಲ್ಲಿ! ಪರ್ವತಪ್ಪಂದೇ ಕಣವ್ವ! ಆ ಸೀಮೆಗೆಲ್ಲ ಆರು ಬೆರಳಿನ ಕಾಲು ಅವರದ್ದೊಂದೇ! ಈ ಕೈ ನಂದು. ನೋಡಿ, ಹೊಲದಲ್ಲಿ ಕುಡುಗೋಲು ಕುಯ್ದ ಗಾಯ!"

ಅವರು ಅಳ್ತಾ ಇದ್ದರೋ ನಗ್ತಾ ಇದ್ದರೋ ಗೊತ್ತಾಗಲಿಲ್ಲ. ಎಲ್ಲರೂ ಬಸ್ಸು ಹತ್ತಿ ಪರ್ವತಪ್ಪನ ಮನೆಗೆ ಹೋದರು. ಪರ್ವತಪ್ಪ ಜಗಲಿ ಮೇಲೆ ಕೂತಿದ್ದರು. ಫೋಟೋ ಇಸ್ಕೊಂಡರು. ಚಪ್ಪಲಿ ಬಿಟ್ಟರು. ಕಾಲನ್ನ ಫೋಟೋದ ಪಕ್ಕಕ್ಕಿಟ್ಟು ನೋಡಿದರು. ಒಂದೊಂದೇ ಬೆರಳು ಎಣಿಸಿದರು.

"ಅವತ್ತು ಬಿಸ್ಲು ಕಣಪ್ಪ," ಅಂದರು ಕೊನೆಗೆ. "ಬಸ್ಸು ಬೇರೆ ಕೆಟ್ಟು ನಿಂತಿತ್ತು. ಕೋಪದಲ್ಲಿ ಬಂದಿದ್ದೆ. ಕಾಲು ತೊಳ್ದಿದ್ದೇ ಗೊತ್ತಾಗ್ಲಿಲ್ಲ ನನಗೆ." ಆಮೇಲೆ ಒಳಗೆ ತಿರುಗಿ ಕೂಗಿದರು: "ಏಯ್, ಸೊಸೆ ಕರ್ಕೊಂಡು ಬರೋಕೆ ಹೊರಡ್ರೋ! ನಾನೇ ಬರ್ತೀನಿ!"

ಸರ್ವಮಂಗಳೆ ಗಂಡನ ಮನೆಗೆ ಬಂದಳು. ಬಂದವಳು ಆ ಫೋಟೋಗಳನ್ನ ಮಡಿಲಲ್ಲಿ ಹರಡಿಕೊಂಡು ಒಂದೊಂದನ್ನೇ ಗುರುತು ಹಿಡಿದಳಂತೆ. ಇದು ಬಳೆ ತೊಡಿಸಿದ ಚಿಕ್ಕವ್ವನ ಕೈ. ಇದು ನಮ್ಮಜ್ಜಿ ಕೈ, ನನ್ನ ಸೆರಗಿಗೆ ಏನೋ ಗಂಟು ಹಾಕ್ತಾ ಇದೆ. ಇದು ನಮ್ಮಪ್ಪನ ಕಾಲು, ಅವತ್ತೆಲ್ಲ ಬರಿಗಾಲಲ್ಲೇ ಓಡಾಡಿದ್ರು. "ಮುಖ ಆದ್ರೆ ಎಲ್ಲರೂ ಕ್ಯಾಮೆರಾ ನೋಡಿ ನಗ್ತಿದ್ರು. ಕೈಗೆ ಅದೆಲ್ಲ ಗೊತ್ತಾಗಲ್ಲ ನೋಡಿ," ಅಂದಳಂತೆ.

ಆ ಮಾತು ಊರೂರು ದಾಟಿ ಪುಟ್ಟಮಾದಮ್ಮನ ಕಿವಿಗೂ ಬಿತ್ತು. ಆವತ್ತಿಂದ ಅವಳ ನಡಿಗೆಯೇ ಬೇರೆ. ನೀರಿಗೆ ಹೋದರೆ ಕೊಡ ಇಳಿಸೋಕೆ ಮುಂಚೆ ಶುರು. "ಕೇಳುದ್ಯಾ ನನ್ ಮಗನ ವಿಷ್ಯ?" ಕೇಳಿದವರೂ ಕೇಳಬೇಕು, ಕೇಳದವರೂ ಕೇಳಬೇಕು. "ಆರನೇ ಬೆರಳು ಕಣವ್ವ! ಯಾರು ನೋಡ್ತಾರೆ ಹೇಳು ಅದನ್ನ? ನನ್ ಮಗ ನೋಡ್ದ!" ಗುರುಮಲ್ಲುವೂ ಬೈಯೋದು ಬಿಟ್ಟ. ಅವನ ಸ್ಟುಡಿಯೋ ಹೆಸರೂ ಮೇಲೆ ಬಂತು. ಜನ ಬಂದು, "ನಮ್ಮ ಮದುವೆಗೂ ಕಾಲು ನೋಡೋ ಹುಡುಗನ್ನೇ ಕಳ್ಸಿ" ಅನ್ನೋಕೆ ಹತ್ತಿದರು. ರಾಚನಿಗೆ ಹೊಸ ಅಂಗಿ ಬಂತು. ಅಂಗಿ ಜೇಬಿನ ಮೇಲೆ ಸ್ಟುಡಿಯೋ ಹೆಸರು ಹೊಲಿದಿತ್ತು. ಅವ್ವ ಅದನ್ನ ದಿನಾ ಒಗೆದು, ದಿನಾ ಬೀದಿ ಕಡೆಗೆ ಕಾಣೋ ಹಾಗೆ ಒಣಗಹಾಕಿದಳು.

ಅಷ್ಟರಲ್ಲಿ ಗುರುಮಲ್ಲುವಿನ ಮಗಳು ನೀಲುಗೆ ಗಂಡು ಗೊತ್ತಾಯಿತು. ಊರವರ ಮದುವೆಯೆಲ್ಲ ತೆಗೆದವನ ಮನೆಯಲ್ಲೇ ಮದುವೆ! ಆದರೆ ಹೆಣ್ಣಿನ ತಂದೆ ಧಾರೆ ಎರೀಬೇಕೋ, ಕ್ಯಾಮೆರಾ ಹಿಡೀಬೇಕೋ? ಬೇರೆ ಸ್ಟುಡಿಯೋದವರನ್ನ ಕರೆಯೋಣ ಅಂದರು ನೆಂಟರು.

ಪುಟ್ಟಮಾದಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. "ಯಾಕೆ, ನನ್ ಮಗ ಇಲ್ವಾ?"

ಗುರುಮಲ್ಲು ರಾಚನನ್ನ ಒಂದು ಗಳಿಗೆ ನೋಡಿದ. ಅವನಿಗೂ ಹೆಮ್ಮೆಯೇ. "ರಾಚನೇ ತೆಗೀಲಿ," ಅಂದ. ಆಮೇಲೆ ಅವನನ್ನ ಎದುರಿಗೆ ಕೂರಿಸಿಕೊಂಡು, ಪುಟ್ಟಮಾದಮ್ಮನ ಮುಂದೆಯೇ, ಬಿಡಿಸಿ ಬಿಡಿಸಿ ಹೇಳಿದ.

"ನೋಡು, ಈ ಸಲ ಮುಖಾನೂ ಬೇಕು, ಕೈಯೂ ಬೇಕು, ಕಾಲೂ ಬೇಕು."

"ಮುಖ, ಕೈ, ಕಾಲು. ಆಯ್ತು ಮಾವ."

"ಇರುವೆ ಬೇಡ. ಚೆಂಬು ಮುಟ್ಬೇಡ."

"ಮುಟ್ಟಲ್ಲ ಮಾವ."

"ಮುಖ್ಯವಾದ್ದು ಈಗ ಕೇಳು. ತಾಳಿ ಕಟ್ಟೋವಾಗ ಎಲ್ಲಾ ಫೋಟೋದೋರೂ ಮುಂದೆ ನಿಂತು ಹುಡುಗನ ಮೋರೆ ನೋಡ್ತಾರೆ. ಹಿಂದೆ ಬೀಳೋ ಮೂರು ಗಂಟನ್ನ ಯಾರೂ ನೋಡಲ್ಲ. ಇಷ್ಟು ಸಣ್ಣ ಗಂಟು. ಇಬ್ಬರ ಬಾಳೂ ಅದ್ರಲ್ಲೇ ಇರೋದು. ನೀನು ನೀಲು ಹಿಂದೆ ನಿಂತ್ಕೊ. ಹುಡುಗ ಒಂದೊಂದು ಗಂಟು ಹಾಕ್ತಿದ್ದಂಗೇ ತೆಗಿ. ಮೂರೂ ತೆಗೀಬೇಕು. ಒಂದನ್ನೂ ಬಿಡ್ಬಾರ್ದು!"

ರಾಚನ ಹುಬ್ಬು ಗಂಟಾಯಿತು. "ಹಾಕ್ತಿದ್ದಂಗೇ ತೆಗೀಬೇಕಾ ಮಾವ?"

"ಹಾಕ್ತಿದ್ದಂಗೇ! ಒಂದು ಗಳಿಗೆ ತಡ ಆಗ್ಬಾರ್ದು."

"ಹುಡುಗ ಬೈಯಲ್ವಾ?"

"ಅವನ್ಯಾಕೋ ಬೈತಾನೆ? ಅವನ ಕೆಲಸ ಅವನದು, ನಿನ್ನ ಕೆಲಸ ನಿಂದು!"

"ಹೇಳಿದ್ದು ಕೇಳ್ಕಂಡ್ಯೇನಪ್ಪ?" ಅಂದಳು ಅವ್ವ. "ಮೂರೂ ತೆಗೀಬೇಕು. ಒಂದನ್ನೂ ಬಿಡ್ಬಾರ್ದು."

"ಬಿಡಲ್ಲ ಕಣವ್ವ!"

ಮದುವೆ ದಿನ ರಾಚ ಓಡಾಡಿದ್ದೇ ಓಡಾಡಿದ್ದು. ದಿಬ್ಬಣದ ಮುಖ ತೆಗೆದ, ಕಾಲು ತೊಳೆಯೋದು ತೆಗೆದ. ನೀಲು ಜಡೆಗೆ ಹೂ ಮುಡಿಸುವಾಗ ಬಾಯಲ್ಲಿ ಪಿನ್ನು ಕಚ್ಚಿಕೊಂಡಿದ್ದ ಅತ್ತಿಗೆಯನ್ನ ತೆಗೆದ. ಎಲ್ಲೂ ಎಡವಲಿಲ್ಲ, ಏನೂ ಒಡೀಲಿಲ್ಲ. ಪುಟ್ಟಮಾದಮ್ಮ ಮೈಸೂರು ಸೀರೆ ಉಟ್ಟು ಹೆಂಗಸರ ನಡುವೆ ಕೂತು, ಮಗ ಹೋದ ಕಡೆಗೆಲ್ಲ ಕತ್ತು ತಿರುಗಿಸ್ತಾ ಇದ್ದಳು.

ಮುಹೂರ್ತ ಬಂತು. ಮದುವೆ ಮಾಡಿಸೋ ಅಯ್ನೋರು "ಗಟ್ಟಿಮೇಳ! ಗಟ್ಟಿಮೇಳ!" ಅಂದರು. ವಾಲಗದವರು ಕೆನ್ನೆ ಉಬ್ಬಿಸಿದರು. ಹುಡುಗ ತಾಳಿ ಎತ್ತಿದ. ಗುರುಮಲ್ಲು ಆನಂದದಲ್ಲಿ ಕಣ್ಣು ಮುಚ್ಚಿ ಕೈ ಮುಗಿದ. ರಾಚ ಓಡಿ ಬಂದು ಕ್ಯಾಮೆರಾನ ಅವ್ವನ ಕೊರಳಿಗೆ ಹಾಕಿದ.

"ಇದನ್ನ ಇಟ್ಕಳವ್ವ. ಈ ಕೆಲಸಕ್ಕೆ ಎರಡು ಕೈಯೂ ಬೇಕು!"

ಹೋದವನೇ ನೀಲು ಹಿಂದೆ ನಿಂತ. ಹುಡುಗ ಒಂದು ಗಂಟು ಹಾಕಿದ. ರಾಚ ತೆಗೆದ. ಹುಡುಗ ಎರಡನೇದು ಹಾಕಿದ. ರಾಚ ಅದನ್ನೂ ತೆಗೆದ. ಮೂರನೇದು ಹಾಕಿದ. ಅದನ್ನೂ ತೆಗೆದ. ಹುಡುಗ ಕೈಯಾಡಿಸಿ ನೋಡಿದರೆ ಗಂಟೇ ಇಲ್ಲ! ಬೆವರು ಒರೆಸಿಕೊಂಡು ಮತ್ತೆ ಹಾಕಿದ. ರಾಚ ಮತ್ತೆ ತೆಗೆದ. ಜನ ಅಕ್ಷತೆ ಹಾಕಿದ್ದೇ ಹಾಕಿದ್ದು, ಎಲ್ಲರ ಕೈಯಲ್ಲೂ ಅಕ್ಷತೆ ಮುಗೀತು. ವಾಲಗದವನ ಕಣ್ಣು ಮೇಲೆ ಸಿಕ್ಕಿಕೊಂಡಿತು, ಊದ್ತಾನೇ ಇದ್ದ. ಡೋಲಿನವನು ತೋಳು ಬದಲಾಯಿಸಿದ. ಗಟ್ಟಿಮೇಳ ಮುಗೀತಾನೇ ಇಲ್ಲ!

"ಇನ್ನೂ ಎಷ್ಟು ಹೊತ್ತಪ್ಪ?" ಅಂದರು ಅಯ್ನೋರು.

"ಹಾಕ್ತಾನೇ ಇದ್ದೀನಿ ಸ್ವಾಮಿ, ನಿಲ್ತಾನೇ ಇಲ್ಲ!" ಅಂದ ಹುಡುಗ.

ಗುರುಮಲ್ಲು ಕಣ್ಣು ಬಿಟ್ಟ. ಮಗಳ ಬೆನ್ನ ಹಿಂದೆ ರಾಚ, ನಾಲಿಗೆ ಕಚ್ಚಿಕೊಂಡು, ಹಲ್ಲು ಉಗುರು ಎರಡೂ ಹಾಕಿ ಗಂಟು ಬಿಚ್ತಾ ಇದ್ದ.

"ರಾಚಾ! ಏನ್ಲಾ ಮಾಡ್ತಿದ್ದೀಯಾ?"

"ತೆಗೀತಿದ್ದೀನಿ ಮಾವ! ಹಾಕ್ತಿದ್ದಂಗೇ ತೆಗೀತಿದ್ದೀನಿ! ಇವನೇ ಮೂರಕ್ಕೆ ನಿಲ್ಲಿಸ್ತಾ ಇಲ್ಲ!"

ಗುರುಮಲ್ಲು ಹಾರಿ ಬಂದು ರಾಚನ ಎರಡೂ ಕೈಯನ್ನ ಕಂಕುಳಲ್ಲಿ ಸಿಕ್ಕಿಸಿ ಹಿಡಿದುಕೊಂಡ. ಹುಡುಗ ಸರಸರನೆ ಮೂರು ಗಂಟು ಹಾಕಿದ. ಅಕ್ಷತೆ ಇಲ್ಲದ್ದಕ್ಕೆ ಅಡುಗೆಮನೆಯಿಂದ ಮೊರದಲ್ಲಿ ಅಕ್ಕಿ ತಂದು ಎರಚಿದರು. ನೀಲು ತಲೆ ತಗ್ಗಿಸಿ ನಗ್ತಾ ಇದ್ದಳು. ಹುಡುಗನಿಗೂ ನಗು ತಡೆಯೋಕಾಗಲಿಲ್ಲ. ಚಪ್ಪರದ ತುಂಬ ಗುಲ್ಲೋ ಗುಲ್ಲು.

"ಅಯ್ಯಯ್ಯೋ, ಯಾರ ಮಗನವ್ವ ಇವನು?" ಅಂತ ಗಂಡಿನ ಕಡೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಪುಟ್ಟಮಾದಮ್ಮ ಕೊರಳಲ್ಲಿ ಕ್ಯಾಮೆರಾ ನೇತಾಡಿಸಿಕೊಂಡು ಎದ್ದು ನಿಂತಳು.

"ನನ್ ಮಗ ಕಣ್ರವ್ವ! ನೋಡುದ್ರಲ್ಲ, ಒಂದು ಗಂಟನ್ನೂ ಬಿಡ್ಲಿಲ್ಲ!"